ತೋಟದ ಶೆಡ್ಡಿನ ಜೀಪು: ಒಂದು ಯುದ್ಧಕಾಲದ ವಾಹನದ ಪುನರುಜ್ಜೀವನ ಮತ್ತು ಚರಿತ್ರೆ ಶೋಧದ ಪ್ರಕರಣ ಅಧ್ಯಯನ

ಹಿನ್ನೆಲೆ

ಪಶ್ಚಿಮಘಟ್ಟದ ಕಾಫಿ ಸೀಮೆಯ ಒಂದು ತೋಟದಲ್ಲಿ ಮೂರು ತಲೆಮಾರು ದುಡಿದು, ಕೊನೆಗೆ ಗೊಬ್ಬರದ ಮೂಟೆಗಳ ಪಕ್ಕದ ಶೆಡ್ಡಿನಲ್ಲಿ ನಿಂತುಹೋಗಿದ್ದ ಜೀಪೊಂದರ ಪ್ರಕರಣವಿದು. ಮಾಲೀಕರ ಕೋರಿಕೆಯಂತೆ ಅವರ ಹೆಸರು, ಊರು, ಜಿಲ್ಲೆ, ವಾಹನದ ನಂಬರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಕೆಲಸ ಮಾಡಿದ ಗ್ಯಾರೇಜುಗಳ ಹೆಸರನ್ನೂ ಬಿಟ್ಟಿದ್ದೇನೆ. ದಾಖಲೆ ಹುಡುಕುವ ಮತ್ತು ವಾಹನದ ಮೈಮೇಲಿನ ಗುರುತುಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಂಜಿನ್ನು, ಗೇರ್‌ಬಾಕ್ಸು, ತಗಡಿನ ಕೆಲಸವನ್ನು ಹತ್ತಿರದ ಪಟ್ಟಣದ ಹಿರಿಯ ಮೇಸ್ತ್ರಿಯೊಬ್ಬರು ನೋಡಿಕೊಂಡರು.

ಈ ಬಗೆಯ ವಾಹನ ನಮ್ಮ ಕಡೆಗೆ ಬಂದ ದಾರಿಯನ್ನು ಮೊದಲು ಹೇಳಬೇಕು. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಗಳಿಗೆ ಎಳೆತವಿರುವ ಸಣ್ಣ ವಾಹನವೊಂದನ್ನು ಕೇಳಿದಾಗ ಮೊದಲ ಮಾದರಿಯನ್ನು ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ದೊಡ್ಡ ಗುತ್ತಿಗೆ ದಕ್ಕಿದ್ದು ವಿಲ್ಲೀಸ್-ಓವರ್‌ಲ್ಯಾಂಡಿಗೆ, ಆಮೇಲೆ ಅದೇ ನಕ್ಷೆಯನ್ನಿಟ್ಟುಕೊಂಡು ತಯಾರಿಸಿದ ಫೋರ್ಡಿಗೆ. 1945ರೊಳಗೆ ವಿಲ್ಲೀಸಿನ ‘ಎಂಬಿ’ ಮಾದರಿ ಸುಮಾರು 3.6 ಲಕ್ಷ, ಫೋರ್ಡಿನ ‘ಜಿಪಿಡಬ್ಲ್ಯೂ’ ಮಾದರಿ ಸುಮಾರು 2.8 ಲಕ್ಷ ಹೊರಬಂದವು. ಎರಡರಲ್ಲೂ ಇದ್ದದ್ದು ಒಂದೇ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕೆಂಬುದು ಸೇನೆಯ ಕರಾರಾಗಿತ್ತು. ಬರ್ಮಾ ರಣರಂಗಕ್ಕಾಗಿ ಇವು ದೊಡ್ಡ ಸಂಖ್ಯೆಯಲ್ಲಿ ಭಾರತಕ್ಕೆ ಇಳಿದವು. ಕೆಲವು ಅಮೆರಿಕನ್ ಪಡೆಗಳ ಜೊತೆ ಅಸ್ಸಾಮಿನಿಂದ ಬರ್ಮಾದೊಳಕ್ಕೆ ಹೋಗುವ ಲೆಡೊ ರಸ್ತೆಯ ಕಡೆಗೆ ಹೋದರೆ, ಮಿತ್ರದೇಶಗಳಿಗೆ ಅಮೆರಿಕ ಯುದ್ಧಸಾಮಗ್ರಿ ಒದಗಿಸುತ್ತಿದ್ದ ಲೆಂಡ್-ಲೀಸ್ ವ್ಯವಸ್ಥೆಯಲ್ಲಿ ಬಂದವು ಬ್ರಿಟಿಷ್ ಮತ್ತು ಭಾರತೀಯ ದಳಗಳ ಕೈಸೇರಿದವು. ಯುದ್ಧ ಮುಗಿದ ಮೇಲೆ ಇವನ್ನೆಲ್ಲ ಹೊತ್ತುಕೊಂಡು ಹೋಗುವುದಕ್ಕಿಂತ ಇಲ್ಲೇ ಮಾರುವುದು ಅಗ್ಗವೆಂದು ಹರಾಜಿಗಿಟ್ಟರು. ‘ಡಿಸ್ಪೋಸಲ್ಸ್ ಜೀಪು’ ಎಂಬ ಮಾತು ನಮ್ಮ ಹಳೆಯ ತೋಟಗಾರರ ಬಾಯಲ್ಲಿ ಇಂದಿಗೂ ಉಳಿದಿರುವುದು ಆ ಕಾಲದಿಂದಲೇ. ಮಳೆಗಾಲದಲ್ಲಿ ಎತ್ತಿನ ಗಾಡಿಯೂ ಹೂತುಹೋಗುತ್ತಿದ್ದ ತೋಟದ ದಾರಿಗಳಿಗೆ ಇದಕ್ಕಿಂತ ಒಗ್ಗುವ ವಾಹನ ಆಗ ಬೇರೊಂದಿರಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಪ್ರವಾಹ ಸೇರಿಕೊಂಡಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ, ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಕಂಪನಿ 1947ರಿಂದ ವಿಲ್ಲೀಸ್‌ನ ನಾಗರಿಕ ಜೀಪುಗಳನ್ನು ಇಲ್ಲಿಗೆ ತಂದಿತು. ಆಮೇಲಿನ ದಶಕಗಳಲ್ಲಿ ಇಲ್ಲೇ ಜೋಡಿಸಿ, ಕ್ರಮೇಣ ಇಲ್ಲೇ ತಯಾರಿಸಿತು. ಯುದ್ಧದ ಜೀಪಿನ ಒಂದು ಭಾಗ ಹಾಳಾದರೆ ಈ ನಾಗರಿಕ ಜೀಪಿನ ಭಾಗ ಅಲ್ಪಸ್ವಲ್ಪ ತಿದ್ದಿದರೆ ಕೂತುಕೊಳ್ಳುತ್ತಿತ್ತು. ಹೀಗಾಗಿ ನಮ್ಮಲ್ಲಿ ಇಂದು ಕಾಣಸಿಗುವ ‘ಮಿಲಿಟರಿ ಜೀಪು’ಗಳಲ್ಲಿ ಹೆಚ್ಚಿನವು ಎರಡು-ಮೂರು ಜೀಪುಗಳ ಕೂಡಿಕೆ. ಇದನ್ನು ಕೆಲವರು ಕಲಬೆರಕೆ ಎಂದು ಹೀಗಳೆಯುತ್ತಾರೆ. ತೋಟದ ಜೀಪು ಬದುಕಿ ಉಳಿದದ್ದೇ ಈ ಕೂಡಿಕೆಯಿಂದ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಪ್ರಕರಣದ ಮುಖ್ಯ ತೀರ್ಮಾನಗಳೆಲ್ಲ ಈ ಭಿನ್ನಾಭಿಪ್ರಾಯದ ಸುತ್ತಲೇ ನಡೆದವು.

ಸಮಸ್ಯೆ

ಮಾಲೀಕರ ಮನೆಯಲ್ಲಿ ಪ್ರಚಲಿತವಿದ್ದ ಕಥೆ ಹೀಗಿತ್ತು: ಯುದ್ಧದಲ್ಲಿ ಸೇವೆ ಸಲ್ಲಿಸಿದ ಅಜ್ಜ ಬರ್ಮಾದಲ್ಲಿ ಓಡಿಸುತ್ತಿದ್ದ ವಿಲ್ಲೀಸ್ ಜೀಪು ಇದು, ಅಮೆರಿಕನ್ ಅಧಿಕಾರಿಯೊಬ್ಬ ಹೋಗುವಾಗ ಅವರಿಗೇ ಕೊಟ್ಟುಹೋದ. ಆರ್‌ಸಿ ಪುಸ್ತಕದಲ್ಲಿಯೂ ‘ವಿಲ್ಲೀಸ್, 1942’ ಎಂದೇ ಇತ್ತು. ಆದರೆ ಎದುರಿಗೆ ನಿಂತಿದ್ದ ವಾಹನ ಆ ಕಥೆಗೆ ಒಪ್ಪುತ್ತಿರಲಿಲ್ಲ. ಯುದ್ಧಕಾಲದ ಜೀಪಿನ ಮುಂಭಾಗದ ಒತ್ತುತಗಡಿನ ಜಾಲರಿಯಲ್ಲಿ ಒಂಬತ್ತು ಸೀಳುಗಳಿರಬೇಕು. ಇದರಲ್ಲಿ ನಾಗರಿಕ ಜೀಪಿನಂತೆ ಏಳೇ ಸೀಳುಗಳಿದ್ದವು, ಹೆಡ್‌ಲೈಟುಗಳೂ ದೊಡ್ಡವು. ಬ್ಯಾಟರಿ 6 ವೋಲ್ಟಿನದಾಗುವ ಬದಲು 12 ವೋಲ್ಟಿನದಾಗಿತ್ತು. ನೋಡಿದವರೆಲ್ಲ ಇದನ್ನು ಹಳೆಯ ಮಹೀಂದ್ರವೆಂದೇ ತೀರ್ಮಾನಿಸಿದ್ದರು. ಸ್ಟಿಯರಿಂಗ್ ಎಡಗಡೆ ಇದೆಯಲ್ಲ ಎಂದು ಮಾಲೀಕರು ವಾದಿಸುತ್ತಿದ್ದರಾದರೂ ಅದು ಸಾಕ್ಷ್ಯವಾಗುವುದಿಲ್ಲ. ಸರ್ಕಾರಿ ಇಲಾಖೆಗಳ ಮಹೀಂದ್ರ ಜೀಪುಗಳ ಬೆನ್ನಮೇಲೆ ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ಬರೆದಿರುತ್ತಿದ್ದುದನ್ನು ನಮ್ಮಲ್ಲಿ ನಡುವಯಸ್ಸು ದಾಟಿದ ಯಾರೂ ಮರೆತಿರಲಾರರು.

ನನ್ನನ್ನು ಕರೆಯುವ ಹೊತ್ತಿಗೆ ಒಂದು ಅನಾಹುತ ಆಗಿಹೋಗಿತ್ತು. ಮಾಲೀಕರ ಮಗ ಜೀಪನ್ನು ಮೊದಲು ದೂರದ ನಗರದ ಗ್ಯಾರೇಜೊಂದಕ್ಕೆ ಒಪ್ಪಿಸಿದ್ದರು. ಅವರ ಅಂದಾಜುಪಟ್ಟಿಯಲ್ಲಿ ಮೊದಲ ಕೆಲಸ ಮರಳು ಊದಿ ಬಣ್ಣ ಪೂರ್ತಿ ಕೀಳುವುದು, ಎರಡನೆಯದು ಹೊರದೇಶದಿಂದ ಹೊಸ ಬಾಡಿ ತರಿಸುವುದು, ಮೂರನೆಯದು ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವುದು. ಮುಂದಿನ ಎರಡೂ ಮಡ್‌ಗಾರ್ಡುಗಳು ಮರಳಿಗೆ ಸಿಕ್ಕಿ ಬೆಳ್ಳಗೆ ಹೊಳೆಯುತ್ತಿದ್ದಾಗ ಮಾಲೀಕರು ಹೋಗಿ ನೋಡಿ, ಯಾಕೋ ಅನುಮಾನ ಬಂದು ಕೆಲಸ ನಿಲ್ಲಿಸಿದರು. ಹೋದದ್ದು ಎಷ್ಟು ದೊಡ್ಡದು ಎಂಬುದು ಆಮೇಲೆ ಗೊತ್ತಾಯಿತು: ಬ್ರಿಟಿಷ್ ಮತ್ತು ಭಾರತೀಯ ದಳಗಳು ತಮ್ಮ ಡಿವಿಷನ್ನಿನ ಚಿಹ್ನೆಯನ್ನೂ ದಳದ ಸಂಖ್ಯೆಯ ಬಣ್ಣದ ಚೌಕವನ್ನೂ ಬರೆಯುತ್ತಿದ್ದ ಜಾಗಗಳಲ್ಲಿ ಮಡ್‌ಗಾರ್ಡುಗಳ ಮುಂಭಾಗವೇ ಮೊದಲನೆಯದು. ಒಂದು ಸೇನಾ ವಾಹನದ ಚರಿತ್ರೆ ಕಾಗದದಲ್ಲಿರುವುದಕ್ಕಿಂತ ಹೆಚ್ಚಾಗಿ ಅದರ ಬಣ್ಣದ ಪದರಗಳಲ್ಲಿರುತ್ತದೆ. ಮರಳು ಊದುವ ಯಂತ್ರಕ್ಕೆ ಇದು ತಿಳಿಯುವುದಿಲ್ಲ, ಯಂತ್ರ ಹಿಡಿದವರಿಗಾದರೂ ತಿಳಿದಿರಬೇಕಿತ್ತು.

ಮಾಡಿ ನೋಡಿದ್ದು

ಜೀಪನ್ನು ವಾಪಸು ತೋಟಕ್ಕೆ ತಂದ ಮೇಲೆ ನಾವು ಮಾಡಿಕೊಂಡ ಮೊದಲ ಒಪ್ಪಂದವೆಂದರೆ, ಗುರುತು ಓದಿ ಮುಗಿಯುವ ತನಕ ಉಜ್ಜುವ, ಕೆರೆಯುವ, ಕತ್ತರಿಸುವ ಯಾವ ಕೆಲಸವೂ ಇಲ್ಲ ಎಂಬುದು. ಮೇಸ್ತ್ರಿಗೆ ಇದು ಹಿಡಿಸಲಿಲ್ಲ. ಕೂಲಿ ನಿಂತುಹೋಗುತ್ತದಲ್ಲ ಎಂಬ ಅವರ ಆತಂಕ ನ್ಯಾಯವಾದದ್ದೇ. ಆ ಅವಧಿಗೆ ಅವರಿಗೆ ಬಿಚ್ಚುವ ಕೆಲಸವನ್ನು ಕೊಟ್ಟೆವು. ಅದರಲ್ಲೂ ಅಪಾಯವಿತ್ತು. ನಗರದ ಗ್ಯಾರೇಜಿನಲ್ಲಿ ಯಾರೋ ಎಡಗಡೆಯ ಚಕ್ರಗಳ ನಟ್ಟು ಬಿಡಿಸಲು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ತಿರುಗಿಸಿ ಎರಡು ಸ್ಟಡ್ ಮುರಿದಿದ್ದರು. ಈ ಜೀಪುಗಳ ಎಡಬದಿಯ ಚಕ್ರಗಳ ನಟ್ಟಿನ ತಿರುಪು ಉಲ್ಟಾ, ಬಲಗಡೆಗೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಸ್ಟೆಪ್ನಿಯ ರಿಮ್ಮು ಸೇನೆಯವರು ಬಳಸುತ್ತಿದ್ದ ಎರಡು ಹೋಳಿನ ‘ಕಾಂಬ್ಯಾಟ್’ ರಿಮ್ಮು. ಎರಡೂ ಹೋಳುಗಳನ್ನು ನಟ್ಟುಗಳು ಹಿಡಿದಿರುತ್ತವೆ. ಮಾಲೀಕರ ಮಗ ಆ ನಟ್ಟಿಗೆ ಸ್ಪ್ಯಾನರ್ ಹಾಕಲು ಹೋದಾಗ ಮೇಸ್ತ್ರಿ ಅವರ ಕೈ ಹಿಡಿದುಕೊಂಡರು. “ಅದನ್ನ ಮುಟ್ಬೇಡಿ ಸಾರ್. ಮೊದ್ಲು ವಾಲ್ವ್ ಪಿನ್ನು ತೆಗೀಬೇಕು. ಒಳಗೆ ಗಾಳಿ ಇದ್ದಂಗೆ ಇದನ್ನ ಬಿಚ್ಚಿದ್ರೆ ಅರ್ಧ ರಿಮ್ಮು ಮುಖಕ್ಕೇ ಬರುತ್ತೆ” ಎಂದರು. ಟೈರು ಚಪ್ಪಟೆಯಾಗಿ ಕಾಣುತ್ತಿತ್ತು ನಿಜ, ಆದರೆ ಪಿನ್ನು ತೆಗೆದಾಗ ಸಾಕಷ್ಟು ಹೊತ್ತು ಗಾಳಿ ಹೋಗುತ್ತಲೇ ಇತ್ತು. ಹಳೆಯ ವಾಹನಗಳ ಬಗ್ಗೆ ಪುಸ್ತಕಗಳಿಂದ ತಿಳಿದವರು ಕೈಯಿಂದ ತಿಳಿದವರ ಮಾತನ್ನು ಎಲ್ಲಿ ಕೇಳಲೇಬೇಕು ಎಂಬುದಕ್ಕೆ ಇದೊಂದು ಜಾಗ.

ಗುರುತು ಹಿಡಿಯುವ ಕೆಲಸ ಚಾಸಿಯಿಂದ, ಅಂದರೆ ವಾಹನದ ತಳದ ಚೌಕಟ್ಟಿನಿಂದ, ಶುರುವಾಯಿತು. ವಿಲ್ಲೀಸ್ ಮತ್ತು ಫೋರ್ಡ್ ಜೀಪುಗಳು ದೂರದಿಂದ ಒಂದೇ ತರಹ ಕಂಡರೂ, ರೇಡಿಯೇಟರಿನ ಕೆಳಗೆ ಎರಡು ಉದ್ದ ತೊಲೆಗಳನ್ನು ಜೋಡಿಸುವ ಮುಂದಿನ ಅಡ್ಡಪಟ್ಟಿ ವಿಲ್ಲೀಸಿನಲ್ಲಿ ದುಂಡನೆಯ ಕೊಳವೆ, ಫೋರ್ಡಿನಲ್ಲಿ ಚೌಕಾಕಾರದ ಬೋರಲು ದೋಣಿ. ಇಲ್ಲಿದ್ದದ್ದು ಎರಡನೆಯದು. ಅದೊಂದೇ ಸಾಲದು, ಯಾಕೆಂದರೆ ಯುದ್ಧಾನಂತರದ ನಾಗರಿಕ ಜೀಪಿನ ಅಡ್ಡಪಟ್ಟಿಯನ್ನು ಅದೆಂದು ತಪ್ಪಾಗಿ ತಿಳಿಯಬಹುದು. ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ನೆನೆಸಿ ತಂತಿ ಬ್ರಷ್ಷಿನ ಬದಲು ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿದಾಗ ಒಂದೊಂದಾಗಿ ತಲೆಗಳ ಮೇಲೆ ಬಳ್ಳಿಯಂತೆ ಬಾಗಿದ ‘ಎಫ್’ ಅಕ್ಷರ ಕಾಣತೊಡಗಿತು. ಫೋರ್ಡ್ ಕಂಪನಿ ತನ್ನ ಭಾಗಗಳು ವಿಲ್ಲೀಸಿನ ಭಾಗಗಳ ಜೊತೆ ಬೆರೆತುಹೋಗುತ್ತವೆಂದು ಗೊತ್ತಿದ್ದೂ, ಅಥವಾ ಗೊತ್ತಿದ್ದುದರಿಂದಲೇ, ಬೋಲ್ಟಿನಿಂದ ಹಿಡಿದು ಕೊಕ್ಕೆಯ ತನಕ ಈ ಅಕ್ಷರವನ್ನು ಒತ್ತುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಚಾಲಕನ ಸೀಟಿನ ಕೆಳಗಿತ್ತು, ಎಡಬದಿಯ ತಗಡಿನಲ್ಲಿ ಗುದ್ದಲಿ-ಕೊಡಲಿ ಕೂರಿಸುವ ತಗ್ಗುಗಳು ಪುಟ್ಟಿಯ ಅಡಿಯಲ್ಲಿ ಉಳಿದಿದ್ದವು, ಹಿಂಬಾಗಿಲು ಇರಲಿಲ್ಲ. ಒಟ್ಟಿನಲ್ಲಿ ಚಾಸಿಯೂ ಬಾಡಿಯ ಹೆಚ್ಚಿನ ಭಾಗವೂ ಯುದ್ಧಕಾಲದವು. ಆದರೆ ವಿಲ್ಲೀಸಿನವಲ್ಲ, ಫೋರ್ಡಿನವು.

ಚಾಸಿ ನಂಬರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕಿತ್ತು. ವಿಲ್ಲೀಸ್ ತನ್ನ ನಂಬರನ್ನು ಎಡ ತೊಲೆಯ ಒಳಮೈಗೆ ತಗಡಿನ ಫಲಕವಾಗಿ ಬಡಿಯುತ್ತಿತ್ತು. ಫೋರ್ಡ್ ಅದನ್ನು ಎಡ ತೊಲೆಯ ಮೇಲ್ಮೈಗೇ ಕುಟ್ಟುತ್ತಿತ್ತು. ತೊಲೆಯ ಮೇಲಿನ ತುಕ್ಕನ್ನು ಗ್ರೈಂಡರಿನಿಂದ ತೆಗೆದರೆ ಆ ಅಕ್ಷರಗಳೂ ಹೋಗಿಬಿಡುತ್ತವೆ, ಮತ್ತು ಹೋದರೆ ಆರ್‌ಟಿಒ ಮುಂದೆ ವಾಹನಕ್ಕೆ ಗುರುತೇ ಇಲ್ಲದಂತಾಗುತ್ತದೆ. ಸೀಮೆಎಣ್ಣೆ, ಬಟ್ಟೆ, ತಾಳ್ಮೆ ಇಷ್ಟರಲ್ಲೇ ಆ ಜಾಗವನ್ನು ತೊಳೆದು, ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆದು, ತೆಳುಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆವು. ‘ಜಿಪಿಡಬ್ಲ್ಯೂ’ ಎಂಬ ಅಕ್ಷರಗಳೂ ಮುಂದಿನ ಅಂಕಿಗಳೂ ಮೂಡಿದವು. ಆರ್‌ಸಿಯ ಚಾಸಿ ನಂಬರಿಗೆ ಇದು ಹೊಂದುತ್ತಿತ್ತು, ಒಂದು ಅಂಕಿಯ ಹೊರತು: ಚಾಸಿಯಲ್ಲಿ 8 ಇದ್ದ ಕಡೆ ಪುಸ್ತಕದಲ್ಲಿ 3 ಇತ್ತು. ತಯಾರಕರ ಕಾಲಂನಲ್ಲಿ ‘ವಿಲ್ಲೀಸ್’ ಎಂದು ಬರೆದ ಗುಮಾಸ್ತರೇ ಅದರ ಕೆಳಗೆ ಫೋರ್ಡಿನ ನಂಬರನ್ನು ನಕಲು ಮಾಡಿದ್ದರು. ಆ ಕಾಲದಲ್ಲಿ ನಮ್ಮ ಕಡೆ ಜೀಪೆಂದರೆ ವಿಲ್ಲೀಸ್ ಎಂಬ ರೂಢಿ ಇದ್ದುದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ.

ಎಂಜಿನ್ನಿನಲ್ಲಿ ಇನ್ನೊಂದು ತಿರುವು ಕಾದಿತ್ತು. ಫೋರ್ಡ್ ಕಾರ್ಖಾನೆಯಿಂದ ಹೊರಟಾಗ ಚಾಸಿ ಮತ್ತು ಎಂಜಿನ್ನಿನ ನಂಬರು ಒಂದೇ ಆಗಿರುತ್ತಿತ್ತು. ಇಲ್ಲಿನ ಎಂಜಿನ್ ಹೊರನೋಟಕ್ಕೆ ಯುದ್ಧಕಾಲದ್ದೇ. ಆದರೆ ಆಯಿಲ್ ಫಿಲ್ಟರಿನ ಬಳಿಯ ನಂಬರು ‘ಜೆ’ ಅಕ್ಷರದಿಂದ ಆರಂಭವಾಗುತ್ತಿತ್ತು. ಅದು ಯುದ್ಧಾನಂತರದ ನಾಗರಿಕ ಜೀಪು ಸಿಜೆ-2ಎಯ ಗುರುತು. ಮೇಸ್ತ್ರಿ ಮುಂದಿನ ಮುಚ್ಚಳ ತೆಗೆದಾಗ ಟೈಮಿಂಗ್ ಚೈನಿನ ಜಾಗದಲ್ಲಿ ಗೇರುಗಳಿದ್ದವು. ಯುದ್ಧಕಾಲದ ಎಂಜಿನ್ನುಗಳಲ್ಲಿ ಚೈನೇ ಇರುತ್ತಿತ್ತು. ಹಾಗಾದರೆ ಮೂಲ ಎಂಜಿನ್ ಯಾವಾಗ ಹೋಯಿತು? ಉತ್ತರ ಆರ್‌ಸಿಯ ಒಳಗೇ ಇತ್ತು. ತೇವಕ್ಕೆ ಅಂಟಿಕೊಂಡಿದ್ದ ಕೊನೆಯ ಎರಡು ಹಾಳೆಗಳನ್ನು ನಿಧಾನವಾಗಿ ಬಿಡಿಸಿದಾಗ, ಎಂಜಿನ್ ಬದಲಾವಣೆಯನ್ನು ಅಂಗೀಕರಿಸಿದ ಹಳೆಯ ಷರಾ, ಅದರ ಕೆಳಗೆ ಮೈಸೂರು ರಾಜ್ಯದ ಕಾಲದ ಮೊಹರು ಕಂಡವು. ಮನೆಯವರು ಯಾರೂ ಆ ಪುಟವನ್ನು ನೋಡಿರಲಿಲ್ಲ.

ಬಾನೆಟ್ಟಿನ ಪದರಗಳು

ಬಾನೆಟ್ಟನ್ನು ಮುಟ್ಟಲು ಒಂದು ತಿಂಗಳ ಮಳೆ ನಿಲ್ಲುವ ತನಕ ಕಾದೆವು. ತೇವದಲ್ಲಿ ಪದರಗಳು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ವಿಧಾನ ಸರಳ, ಆದರೆ ಬೇಸರ ಬರಿಸುವಂಥದು: ನೀರು ಹಾಕಿ ಉಜ್ಜುವ ನಯವಾದ ಮರಳುಕಾಗದವನ್ನು ಸಾಬೂನು ನೀರಿನಲ್ಲಿ ಅದ್ದಿ, ಹೆಬ್ಬೆರಳಿನಷ್ಟು ಜಾಗದಲ್ಲಿ ಉಜ್ಜುತ್ತ, ಪ್ರತಿ ಪದರ ಬಂದಾಗ ನಿಲ್ಲಿಸಿ ಫೋಟೋ ತೆಗೆಯುವುದು. ಮೇಲಿನಿಂದ ಕೆಳಕ್ಕೆ ಬೂದು, ಮರೂನ್, ಹೊಳಪಿನ ಬಾಟಲ್ ಹಸಿರು ಬಂದವು. ಇವು ಮೂರೂ ತೋಟದ ಕಾಲದವು. ಅದರ ಕೆಳಗೆ ಹೊಳಪಿಲ್ಲದ ಗಾಢ ಹಸಿರು, ಅದರಡಿಯಲ್ಲಿ ಆಲಿವ್ ಡ್ರ್ಯಾಬ್ ಎಂಬ ಅಮೆರಿಕನ್ ಸೇನೆಯ ಮಂಕು ಕಂದುಹಸಿರು, ತಳದಲ್ಲಿ ಕೆಂಪು ಪ್ರೈಮರ್. ಗಾಢ ಹಸಿರಿನ ಮೇಲೆ ಬಿಳಿ ಬಣ್ಣದ ಗೆರೆಯೊಂದು ಸಿಕ್ಕಾಗ ಉಜ್ಜುವ ಜಾಗವನ್ನು ಆ ಗೆರೆಯ ಉದ್ದಕ್ಕೆ ಮಾತ್ರ ವಿಸ್ತರಿಸಿದೆವು. ‘ಎಂ’ ಅಕ್ಷರ, ಅದರ ಮುಂದೆ ಏಳು ಅಂಕಿಗಳ ಸ್ಥಾನ. ಅವುಗಳಲ್ಲಿ ಐದನ್ನು ಓದಲು ಬಂತು. ಎರಡು ಅಂಕಿಗಳ ಜಾಗದಲ್ಲಿ ಯಾರೋ ಬಹಳ ಹಿಂದೆ ಬಾನೆಟ್ಟಿನ ಗುಳಿ ತಟ್ಟಿ ಬೆಸುಗೆ ಹಾಕಿದ್ದರು.

ಅಮೆರಿಕನ್ ಸೇನೆಯ ಜೀಪುಗಳ ನೋಂದಣಿ ಸಂಖ್ಯೆ 20ರಿಂದ ಶುರುವಾಗುತ್ತಿತ್ತು. ಬ್ರಿಟಿಷ್ ಯುದ್ಧ ಇಲಾಖೆಯ ಪದ್ಧತಿಯಲ್ಲಿ ‘ಎಂ’ ಅಕ್ಷರ ಕಾರುಗಳ ವರ್ಗಕ್ಕೆ ಸೇರಿದ್ದು, ಜೀಪುಗಳಿಗೂ ಅದೇ. ಅಂದರೆ ಈ ಜೀಪು ಕೊನೆಯದಾಗಿ ದುಡಿದದ್ದು ಬ್ರಿಟಿಷ್ ಅಥವಾ ಭಾರತೀಯ ದಳದಲ್ಲಿ. ಅಮೆರಿಕನ್ ಅಧಿಕಾರಿಯ ಕೈಯಿಂದ ನೇರವಾಗಿ ಬಂದಿರಲು ಸಾಧ್ಯವಿಲ್ಲ. ಆಲಿವ್ ಪದರದ ಮೇಲೆ ನೀಲಿ ಛಾಯೆಯ ಒಂದೆರಡು ಮಸುಕು ಗೆರೆಗಳೂ ಇದ್ದವು. ಅಮೆರಿಕನ್ನರು ಯುದ್ಧದ ಹೆಚ್ಚಿನ ಕಾಲ ಬಾನೆಟ್ ಸಂಖ್ಯೆಯನ್ನು ಇಂಥ ಮಂಕು ನೀಲಿಯಲ್ಲೇ ಬರೆಯುತ್ತಿದ್ದುದರಿಂದ, ಮೊದಲು ಅವರ ಸಂಖ್ಯೆ ಹೊತ್ತು ಬಂದು ಆಮೇಲೆ ಕೈ ಬದಲಾಯಿಸಿರಬಹುದು. ಗೆರೆಗಳು ಅಂಕಿಗಳಾಗುವಷ್ಟು ಉಳಿದಿರಲಿಲ್ಲವಾದ್ದರಿಂದ ಇದನ್ನು ಊಹೆಯ ಪಟ್ಟಿಯಲ್ಲೇ ಇಟ್ಟೆವು.

ಮನೆಯ ಕಥೆಯ ಇನ್ನರ್ಧವನ್ನು ಪರೀಕ್ಷಿಸಿದ್ದು ಅಜ್ಜನ ಪದಕಗಳು. ಅವು ದೇವರಕೋಣೆಯ ಕಪಾಟಿನಲ್ಲಿ ಒಂದು ಔಷಧಿಯ ಡಬ್ಬಿಯೊಳಗಿದ್ದವು. ಬರ್ಮಾ ಸ್ಟಾರ್ ಎಂಬ ಪದಕದ ರಿಬ್ಬನ್ನು ಕಡುನೀಲಿ, ನಡುವೆ ಅಗಲವಾದ ಕೆಂಪು, ಎರಡೂ ಬದಿಯ ನೀಲಿಯ ನಡುವೆ ಕಿತ್ತಳೆ ಗೆರೆ. ಅದು ಅಲ್ಲಿರಲಿಲ್ಲ. ಇದ್ದದ್ದು ಮರಳಿನ ಬಣ್ಣದ ನಡುವೆ ಕೆಂಪು ಪಟ್ಟಿಯ ಆಫ್ರಿಕಾ ಸ್ಟಾರ್, ಕೆಂಪು-ಬಿಳಿ-ಹಸಿರು ರಿಬ್ಬನ್ನಿನ ಇಟಲಿ ಸ್ಟಾರ್. ಅಜ್ಜ ಯುದ್ಧ ಮಾಡಿದ್ದು ಉತ್ತರ ಆಫ್ರಿಕ ಮತ್ತು ಇಟಲಿಯಲ್ಲಿ. ಬರ್ಮಾದ ಕಡೆಗೆ ಅವರು ಹೋಗಿರಲಿಲ್ಲ ಎಂಬುದನ್ನು ಅವರ ಬಿಡುಗಡೆ ಪತ್ರವೂ ಪುಷ್ಟೀಕರಿಸಿತು. ಕೊನೆಗೆ ತೋಟದ ಹಳೆಯ ದಿನವಹಿ ಲೆಕ್ಕದಲ್ಲಿ, ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷದ ಪುಟವೊಂದರಲ್ಲಿ, ಮದರಾಸಿನ ವ್ಯಾಪಾರಿಗೆ ‘ಡಿಸ್ಪೋಸಲ್ಸ್ ಜೀಪು ಬಾಬ್ತು’ ಕೊಟ್ಟ ಹಣ, ರೈಲು ಸಾಗಣೆ, ಬಡಗಿಯ ಕೂಲಿ ಸಾಲಾಗಿ ಸಿಕ್ಕವು. ಯುದ್ಧಕ್ಕೆ ಹೋಗಿ ಬಂದ ಅಜ್ಜನ ಕಥೆ ಒಂದು, ಯುದ್ಧದಿಂದ ಉಳಿದು ಬಂದ ಜೀಪಿನ ಕಥೆ ಇನ್ನೊಂದು. ಎರಡೂ ನಿಜ, ಮನೆಯವರ ನೆನಪಿನಲ್ಲಿ ಬೆಸೆದುಹೋಗಿದ್ದವು. ಕಾಫಿ ಸೀಮೆಯಲ್ಲಿ ಇದು ಅಪರೂಪವಲ್ಲ. ಕೊಡಗಿನ ಎಷ್ಟೋ ಹಳೆಯ ಜೀಪುಗಳ ಸೀಟಿನಲ್ಲಿ ಜನರಲ್ ತಿಮ್ಮಯ್ಯನವರು ಕೂತಿದ್ದರೆಂದು ಹೇಳುವುದನ್ನು ಕೇಳಿದ್ದೇನೆ. ಅಷ್ಟೂ ನಿಜವಾದರೆ ಅವರಿಗೆ ಬರ್ಮಾ ಕರಾವಳಿಯ ಅರಾಕಾನಿನಲ್ಲಿ ಬೆಟಾಲಿಯನ್ ನಡೆಸಲು ಪುರಸೊತ್ತೇ ಸಿಕ್ಕಿರಲಾರದು.

ಈ ಸಂಗತಿಯನ್ನು ಮಾಲೀಕರಿಗೆ ಹೇಗೆ ಹೇಳಬೇಕೆಂಬುದೂ ಪ್ರಕರಣದ ಒಂದು ಭಾಗವೇ. ಮೊದಲು ದಿನವಹಿಯ ಪುಟವನ್ನು ಅವರ ಕೈಗೇ ಕೊಟ್ಟೆವು, ಬರವಣಿಗೆ ಅವರ ತಂದೆಯದಾಗಿತ್ತು. ತೀರ್ಮಾನವನ್ನು ಅವರೇ ಓದಿಕೊಂಡರು. ಅವರ ಅಕ್ಕ ಮಾತ್ರ ಇವತ್ತಿಗೂ ಒಪ್ಪಿಲ್ಲ.

ಯಾವ ಕಾಲಕ್ಕೆ ಮರಳಿಸುವುದು?

ಸಾಕ್ಷ್ಯ ಸಿಕ್ಕ ಮೇಲೆ ಎದ್ದ ಪ್ರಶ್ನೆ ಹೆಚ್ಚು ಕಷ್ಟದ್ದು. ಮಗನ ಆಸೆ ಜೀಪನ್ನು ಪೂರ್ತಿ ಯುದ್ಧದ ವೇಷಕ್ಕೆ ತರುವುದು: ಬರ್ಮಾದಲ್ಲಿ ಹೋರಾಡಿದ 17ನೇ ಭಾರತೀಯ ಡಿವಿಷನ್ನಿನ ಕಪ್ಪು ಬೆಕ್ಕಿನ ಚಿಹ್ನೆ, ಮಡಚುವ ವಿಂಡ್‌ಶೀಲ್ಡ್, ಬಾನೆಟ್ಟಿನ ಮೇಲೆ ನಕಲಿ ಮೆಷಿನ್‌ಗನ್. ಗನ್ನಿನ ವಿಷಯ ಬೇಗ ಮುಗಿಯಿತು. ಅಂಥದ್ದನ್ನು ಹೊತ್ತು ಸಾರ್ವಜನಿಕ ರಸ್ತೆಗಿಳಿದರೆ ಮೊದಲ ನಾಕಾಬಂದಿಯಲ್ಲೇ ಗಾಡಿ ನಿಲ್ಲುತ್ತದೆ. ಚಿಹ್ನೆಯ ಚರ್ಚೆ ಮಾತ್ರ ವಾರಗಟ್ಟಲೆ ನಡೆಯಿತು. ನನ್ನ ನಿಲುವು ಖಚಿತವಾಗಿತ್ತು: ಸಾಕ್ಷ್ಯವಿಲ್ಲದ ದಳಚಿಹ್ನೆ ಬರೆಯುವುದೆಂದರೆ ಬೇರೆಯವರ ಯುದ್ಧವನ್ನು ಈ ಜೀಪಿಗೆ ಅಂಟಿಸಿದಂತೆ. ಹತ್ತು ವರ್ಷದ ನಂತರ ಅದನ್ನು ನೋಡಿದವರು ಅದೇ ನಿಜವೆಂದು ನಂಬುತ್ತಾರೆ, ಅದರ ಫೋಟೋ ಮುಂದಿನವರಿಗೆ ಪುರಾವೆಯಾಗುತ್ತದೆ. ಮಡ್‌ಗಾರ್ಡುಗಳು ಮರಳಿಗೆ ಸಿಗದಿದ್ದರೆ ಬಹುಶಃ ಈ ಚರ್ಚೆಯೇ ಬೇಕಿರಲಿಲ್ಲ. ದಳಗಳ ಯುದ್ಧ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಆಗ್ನೇಯ ಏಷ್ಯಾ ಕಮಾಂಡಿಗೆ ಸೇರಿದ ಡಬ್ಲ್ಯೂಒ 172 ಸರಣಿಯಲ್ಲಿವೆ ನಿಜ, ಆದರೆ ಅವು ದಳದ ಚಲನೆ, ಸಾವುನೋವು, ಆದೇಶಗಳನ್ನು ದಾಖಲಿಸುತ್ತವೆಯೇ ಹೊರತು ಒಂದೊಂದು ಜೀಪಿನ ನಂಬರನ್ನು ಸಾಮಾನ್ಯವಾಗಿ ದಾಖಲಿಸುವುದಿಲ್ಲ. ಐದು ಅಂಕಿಗಳನ್ನು ಹಿಡಿದುಕೊಂಡು ಅಲ್ಲಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿರಲಿಲ್ಲ.

ಎಂಜಿನ್ನಿನ ಪ್ರಶ್ನೆಯನ್ನು ಕಾನೂನು ಬಗೆಹರಿಸಿತು ಎನ್ನಬಹುದು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವೈಯಕ್ತಿಕ ಬಳಕೆಯ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಿದರೆ ‘ವಿಎ’ ಅಕ್ಷರಗಳ ನಂಬರು ಬರುತ್ತದೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿ ಇದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಗರದ ಗ್ಯಾರೇಜು ಹೇಳಿದ ಹಾಗೆ ಡೀಸೆಲ್ ಎಂಜಿನ್ನನ್ನೂ ಹೊಸ ಬಾಡಿಯನ್ನೂ ಕೂರಿಸಿದ್ದರೆ ಈ ಬಾಗಿಲು ಮುಚ್ಚಿಹೋಗುತ್ತಿತ್ತು. ಫೋರ್ಡಿನ ಯುದ್ಧಕಾಲದ ಎಂಜಿನ್ನೊಂದನ್ನು ಹುಡುಕಿ ತರುವ ಯೋಚನೆಯೂ ಬಂದಿತ್ತು. ‘ಜೆ’ ಎಂಜಿನ್ನೇ ಇರಲಿ ಎಂದು ನಾನು ವಾದಿಸಿದೆ. ಈ ಜೀಪಿನ ಆಯುಷ್ಯದ ಬಹುಪಾಲು ಓಟ ಅದರದೇ, ಸರ್ಕಾರಿ ಷರಾ ಇರುವುದೂ ಅದಕ್ಕೇ. ಹೊರಗಿನಿಂದ ತಂದ ‘ಸರಿಯಾದ’ ಎಂಜಿನ್ನಿಗೆ ಈ ಚಾಸಿಯ ಜೊತೆ ಯಾವ ಸಂಬಂಧವೂ ಇರುತ್ತಿರಲಿಲ್ಲ.

ಹೀಗೆ ಒಪ್ಪಿಕೊಂಡ ಯೋಜನೆಯಲ್ಲಿ ಬಾಡಿಯ ಕೆಲಸವೇ ಹೆಚ್ಚು ಸಮಯ ತಿಂದಿತು. ಈ ಜೀಪುಗಳ ನೆಲತಗಡಿನ ಕೆಳಗೆ ಬಲಕ್ಕಾಗಿ ಕೊಟ್ಟಿರುವ ಟೊಪ್ಪಿಯಾಕಾರದ ಪಟ್ಟಿಗಳ ಒಳಗೆ ಮರದ ತುಂಡುಗಳಿರುತ್ತವೆ. ನಮ್ಮ ಮಳೆಗೆ ಆ ಮರ ನೀರು ಕುಡಿದು ಹಿಡಿದಿಟ್ಟುಕೊಂಡು, ತಗಡನ್ನು ಒಳಗಿನಿಂದ ತಿಂದುಹಾಕಿತ್ತು. ಮೇಲಿನಿಂದ ಗಟ್ಟಿಯಾಗಿ ಕಂಡ ನೆಲ ಸ್ಕ್ರೂಡ್ರೈವರಿನಿಂದ ಒತ್ತಿದರೆ ಹಪ್ಪಳದಂತೆ ಒಡೆಯಿತು. ಮೇಸ್ತ್ರಿ ಕೊಳೆತಷ್ಟನ್ನೇ ಕತ್ತರಿಸಿ ಅದೇ ದಪ್ಪದ ತಗಡಿನ ತೇಪೆ ಹಾಕಿದರು, ಹೊಸ ಮರಕ್ಕೆ ಬೇಯಿಸಿದ ಅಗಸೆಎಣ್ಣೆ ಕುಡಿಸಿ ಕೂರಿಸಿದರು. ತೇಪೆಗಳ ಒಳಮೈಯಲ್ಲಿ ವರ್ಷವನ್ನು ಕುಟ್ಟಿಸಿದ್ದು ಮಾಲೀಕರ ಯೋಚನೆ. ಮುಂದೆ ಯಾರಾದರೂ ಬಿಚ್ಚಿದರೆ ಯಾವುದು ಹಳತು, ಯಾವುದು ಹೊಸತು ಎಂಬ ಗೊಂದಲವಾಗಬಾರದಲ್ಲ. ಒಂಬತ್ತು ಸೀಳಿನ ಜಾಲರಿಯೊಂದು ಹಳೆಯ ಸಾಮಾನಿನ ವ್ಯಾಪಾರಿಯ ಬಳಿ ಸಿಕ್ಕಿತು. ಅದರೊಟ್ಟಿಗೆ ತಿರುಗುಣಿಯ ಮೇಲಿನ ಸಣ್ಣ ಹೆಡ್‌ಲೈಟುಗಳೂ ಮರಳಿದವು. ಒಂದು ನಟ್ಟು ಸಡಿಲಿಸಿದರೆ ದೀಪವನ್ನು ಹಿಂದಕ್ಕೆ ಮಗುಚಿ, ಕತ್ತಲಲ್ಲಿ ಎಂಜಿನ್ ಮೇಲೆ ಬೆಳಕು ಬೀಳಿಸಿಕೊಂಡು ರಿಪೇರಿ ಮಾಡಬಹುದಾದ ಏರ್ಪಾಡು ಅದು. ಏಳು ಸೀಳಿನ ಜಾಲರಿಗೆ ಚೀಟಿ ಕಟ್ಟಿ ಉಗ್ರಾಣದಲ್ಲಿಟ್ಟೆವು. ಮೈಗೆಲ್ಲ ಆಲಿವ್ ಡ್ರ್ಯಾಬ್ ಹೊಡೆಸಿದರೂ ಬಾನೆಟ್ಟಿನ ಎಡಬದಿಯ ಪದರಗಳ ಕಿಟಕಿಯನ್ನು ಮುಟ್ಟದೆ, ಮೇಣ ಸವರಿ ಹಾಗೆಯೇ ಬಿಟ್ಟೆವು. ಓದಲಾಗದ ಎರಡು ಅಂಕಿಗಳನ್ನು ಊಹಿಸಿ ಬರೆಯಲಿಲ್ಲ.

ಫಲಿತಾಂಶ

ಆರ್‌ಟಿಒದಲ್ಲಿ 8 ಮತ್ತು 3ರ ಗೊಂದಲ ದೊಡ್ಡ ತಲೆನೋವಾಯಿತು. ಮಧ್ಯವರ್ತಿಯೊಬ್ಬರು ಚಾಸಿಯ ಅಂಕಿಯನ್ನೇ ಕುಟ್ಟಿ ಪುಸ್ತಕಕ್ಕೆ ಹೊಂದಿಸಿಬಿಡೋಣ ಎಂದರು. ಇದು ಅಪರಾಧವೆಂಬುದು ಹಾಗಿರಲಿ, ಮೂಲ ಅಂಕಿಗಳ ಪಕ್ಕದಲ್ಲಿ ಹೊಸ ಕುಟ್ಟು ಎದ್ದು ಕಾಣುತ್ತದೆ, ಮತ್ತು ಆ ಕ್ಷಣದಿಂದ ಇಡೀ ವಾಹನದ ಪ್ರತಿಯೊಂದು ಗುರುತೂ ಅನುಮಾನಕ್ಕೊಳಗಾಗುತ್ತದೆ. ಮಾಲೀಕರು ಆ ಮಾತನ್ನು ಅಲ್ಲೇ ತಳ್ಳಿಹಾಕಿದ್ದು ಈ ಪ್ರಕರಣದ ಅತ್ಯಂತ ಮುಖ್ಯ ನಿರ್ಧಾರವೆಂದು ನಾನು ತಿಳಿಯುತ್ತೇನೆ. ಬದಲಿಗೆ ತೊಳೆಯುವ ಮೊದಲಿನ ಮತ್ತು ಆಮೇಲಿನ ಫೋಟೋಗಳು, ಪೆನ್ಸಿಲ್ ಅಚ್ಚು, ಎಂಜಿನ್ ಷರಾ ಇದ್ದ ಪುಟದ ಪ್ರತಿ, ದಿನವಹಿಯ ಪುಟ ಎಲ್ಲವನ್ನೂ ಒಂದೇ ಕಡತವಾಗಿ ಹೊಂದಿಸಿ, ಬರವಣಿಗೆಯ ತಪ್ಪನ್ನು ತಿದ್ದುವಂತೆ ಅರ್ಜಿ ಕೊಟ್ಟರು. ವಾಹನವನ್ನು ಪರಿಶೀಲಿಸಲು ಬಂದ ಸಮಿತಿಯವರು ಮೊದಲು ಕೇಳಿದ್ದು ಎಂಜಿನ್ನಿನ ಬಗ್ಗೆಯೇ. ಹಳೆಯ ಷರಾ ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಡವಾಯಿತು, ಓಡಾಟವಾಯಿತು, ಆದರೆ ‘ಎಂವೈ’ ಅಕ್ಷರಗಳಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ನಂಬರೇ ಉಳಿಯಿತು.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಇಲ್ಲಿಂದ ಬಳಕೆಗೆ ಬರುವುದು ಮುಖ್ಯವಾಗಿ ಕೆಲಸದ ಅನುಕ್ರಮ. ಗ್ಯಾರೇಜಿನ ಅಂದಾಜುಪಟ್ಟಿ ಬಣ್ಣ ಕೀಳುವುದರಿಂದ ಆರಂಭವಾಗಿದ್ದರೆ ಅದಕ್ಕೆ ಒಪ್ಪಿಗೆ ಕೊಡುವ ಮೊದಲು ಚಾಸಿ, ಎಂಜಿನ್, ಬಾನೆಟ್, ಮಡ್‌ಗಾರ್ಡು, ಹಿಂಬದಿಯ ತಗಡು ಇಷ್ಟನ್ನಾದರೂ ಓದಿ ಮುಗಿಸಬೇಕು. ಡ್ಯಾಶ್‌ಬೋರ್ಡಿನ ಫಲಕಗಳನ್ನು ನಂಬುವಂತಿಲ್ಲ, ಅವುಗಳ ನಕಲು ಎಲ್ಲೆಡೆ ಮಾರಾಟಕ್ಕಿದೆ. ಈ ಜೀಪಿನಲ್ಲಂತೂ ಫಲಕಗಳಿದ್ದ ಜಾಗದಲ್ಲಿ ಬರೀ ಸ್ಕ್ರೂ ತೂತುಗಳಿದ್ದವು. ಆರ್‌ಸಿಯ ಪ್ರತಿ ಹಾಳೆಯನ್ನೂ ತೆರೆದು ನೋಡಬೇಕು. ಮನೆಯ ಕಥೆಯನ್ನು ಸುಳ್ಳೆಂದು ತಳ್ಳದೆ, ಅದರೊಳಗೆ ಎಷ್ಟು ಕಥೆಗಳಿವೆ ಎಂದು ಬಿಡಿಸಿ ನೋಡಬೇಕು.

ಜೀಪಿನ ಪಕ್ಕದಲ್ಲಿಡಲು ಮಾಲೀಕರು ಒಂದು ವಿವರಪತ್ರ ಬರೆಸಿದ್ದಾರೆ. ಅದರಲ್ಲಿ ಫೋರ್ಡ್ ಜಿಪಿಡಬ್ಲ್ಯೂ ಚಾಸಿ, ಯುದ್ಧಾನಂತರದ ನಾಗರಿಕ ಎಂಜಿನ್, ಬ್ರಿಟಿಷ್ ಪದ್ಧತಿಯ ಅಪೂರ್ಣ ಸಂಖ್ಯೆ, ಮದರಾಸಿನ ಖರೀದಿ, ಮರಳು ಊದಿಸಿ ಕಳೆದುಕೊಂಡ ಮಡ್‌ಗಾರ್ಡಿನ ಬಣ್ಣ, ಇಷ್ಟೂ ಇವೆ. ಅಜ್ಜನ ಆಫ್ರಿಕ ಮತ್ತು ಇಟಲಿಯ ಸೇವೆ ಬೇರೊಂದು ಹಾಳೆಯಲ್ಲಿದೆ. ಮಗ ಇನ್ನೂ ಕಪ್ಪು ಬೆಕ್ಕಿನ ಆಸೆ ಬಿಟ್ಟಿಲ್ಲವಾದ್ದರಿಂದ, ಪ್ರದರ್ಶನಗಳಿಗೆ ಒಯ್ಯುವಾಗ ಬೇಕಾದರೆ ಕಳಚಿಡಬಹುದಾದ ಮ್ಯಾಗ್ನೆಟ್ ಹಾಳೆಯ ಮೇಲೆ ಅದನ್ನು ಬರೆಸಿಕೊಳ್ಳಲಿ, ಕೆಳಗೆ ‘ಅಲಂಕಾರಕ್ಕೆ’ ಎಂದು ನಮೂದಿಸಲಿ ಎಂಬ ಷರತ್ತಿಗೆ ಇಬ್ಬರೂ ಒಪ್ಪಿದ್ದಾರೆ.